ಹನ್ನೆರಡು ಮೀಟರಿನೊಳಗೆ

ಜೂನ್ 3, ಸೋಮವಾರ

ಕೆಲಸದ ಮೊದಲ ದಿನ. ಕಮಲಾಪುರದಿಂದ ಏಳೂವರೆ ಬಸ್ಸಿಗೆ ಹೊರಟು ಕಲಬುರಗಿ ಮುಟ್ಟಿದಾಗ ಎಂಟೂಮುಕ್ಕಾಲು. ಸರ್ವೆ ಆಫೀಸು ಐವಾನ್-ಎ-ಶಾಹಿ ಕಡೆ, ಒಂದು ಮನೆಯ ಮೇಲಿನ ಮಾಳಿಗೆಯಲ್ಲಿದೆ. ಒಳಗೆ ಹೋಗಲು ಧೈರ್ಯ ಸಾಲದೆ ಕೆಳಗೇ ಅರ್ಧ ಗಂಟೆ ನಿಂತಿದ್ದೆ. ಸರ್ವೆ ನೋಡಿಕೊಳ್ಳುವ ಸುಮೇಧಾ ಮೇಡಂ ಸ್ಕೂಟಿಯಲ್ಲಿ ಬಂದು, "ಅಂಬಿಕಾ ಅಲ್ಲೇನು? ಮ್ಯಾಲ ಹೋಗೋದು ಬಿಟ್ಟು ಇಲ್ಲೇ ಯಾಕ ಕಂಬ ಆಗಿ ನಿಂತೀ?" ಎಂದರು.

ಕೆಲಸ ಇಷ್ಟೇ. ಶಹಾಬಜಾರದ ಓಣಿಗಳಲ್ಲಿ ನಡೆಯಬೇಕು. ಪ್ರತಿ ಮನೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಗುಂಡಿ ಒತ್ತಬೇಕು. ಒತ್ತಿದ ಕಡೆ ನಕ್ಷೆಯ ಮೇಲೆ ಕೆಂಪು ಚುಕ್ಕಿ ಬೀಳುತ್ತದೆ. "ಬಾಗಿಲಿಗೊಂದು ಚುಕ್ಕಿ, ತಿಳೀತಿಲ್ಲೋ?" ಎಂದರು ಮೇಡಂ. ತಲೆಯಾಡಿಸಿದೆ.

ಹಗಲು ಹೊತ್ತಿನಲ್ಲಿ ಮನೆಯಲ್ಲಿ ಹೆಂಗಸರೇ ಇರುತ್ತಾರೆಂದು ಈ ಕೆಲಸಕ್ಕೆ ಹೆಣ್ಣುಮಗಳೇ ಬೇಕಾಗಿತ್ತಂತೆ. ಅವ್ವನ ಸಂಘದ ಮೂಲಕ ನನ್ನ ಹೆಸರು ಹೋಯಿತು. ನಾನು ಐದನೇತ್ತಾವರೆಗೆ ಮಾತ್ರ ಕಲಿತವಳೆಂದು ಮೇಡಂಗೆ ಗೊತ್ತಿದೆ. ಆರನೇತ್ತಾದಲ್ಲಿ ಎಲ್ಲರ ಮುಂದೆ ಎದ್ದು ನಿಂತು ಪಾಠ ಓದಬೇಕಿತ್ತು, ಅದಕ್ಕೇ ಶಾಲೆ ಬಿಟ್ಟೆ ಎನ್ನುವುದು ಗೊತ್ತಿಲ್ಲ.

ಜೂನ್ 6, ಗುರುವಾರ

ನಾಲ್ಕು ದಿನಕ್ಕೆ ಮುನ್ನೂರ ಹನ್ನೆರಡು ಚುಕ್ಕಿ. ಕಂಪ್ಯೂಟರ್ ನೋಡಿಕೊಳ್ಳುವ ಪವಮಾನ ಸರ್, "ಭಾಳ ಫಾಸ್ಟ್ ಅದೀ ಬಿಡು" ಎಂದರು.

ಬೇಗ ಆಗುವುದಕ್ಕೆ ಕಾರಣವಿದೆ. ನಾನು ಯಾರ ಮನೆಯೊಳಗೂ ಹೋಗುವುದಿಲ್ಲ. ಓಣಿಯ ಕಡೆಗಿರುವ ಬಾಗಿಲಲ್ಲಿ ನಿಲ್ಲುತ್ತೇನೆ, ಒತ್ತುತ್ತೇನೆ, ಮುಂದೆ ನಡೆಯುತ್ತೇನೆ. ಯಾರಾದರೂ ಕೇಳಿದರೆ ಹೇಳಲು ಒಂದು ಮಾತು ಬಾಯಿಪಾಠ ಮಾಡಿಕೊಂಡಿದ್ದೇನೆ: "ಮನಿ ಎಣಿಕಿ ರೀ, ಮ್ಯಾಪಿಗೆ."

ಇವತ್ತು ಒಂದು ಓಣಿ ಮಾಡಿದೆ. ಕೊನೆಗೆ ಗೋಡೆ ಬಂದು ಅಲ್ಲೇ ನಿಂತುಬಿಡುವ ಓಣಿ. ಕೊನೆಯಲ್ಲಿ ದೊಡ್ಡ ಕಟ್ಟಿಗೆಯ ಗೇಟು, ಒಂದು ಕದ ತೆರೆದಿತ್ತು. ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದ ಮುದುಕಿ ನನ್ನನ್ನು ನೋಡಿ, "ಏನವ್ವಾ, ಬಾಗಿಲಿಗೆ ನಿಂತು ಫೋನಿಗೆ ಶರಣು ಮಾಡಾಕತ್ತೀ?" ಎಂದಳು. ಹೆಸರು ಬಂಡೆಮ್ಮ ಅಂತೆ. "ಒಳಗ ಬಾ, ನೀರು ಕುಡಿ" ಎಂದಳು. ಬೇಡ ಎಂದೆ. ಗೇಟಿನಾಚೆ ಅಂಗಳ ಕಾಣುತ್ತಿತ್ತು. ಸುತ್ತ ನಾಲ್ಕು ಬಾಗಿಲು, ನಾಲ್ಕು ಕಡೆ ಒಣಹಾಕಿದ ಬಟ್ಟೆ. ಒಂದು ಬಾಗಿಲಿಂದ ಹೊಲಿಗೆ ಯಂತ್ರದ ಸದ್ದು.

ಗೇಟಿಗೊಂದು ಚುಕ್ಕಿ ಒತ್ತಿ ಬಂದೆ.

ಜೂನ್ 8, ಶನಿವಾರ

ಮೇಡಂ ಇವತ್ತು ನನ್ನನ್ನು ಪರದೆಯ ಮುಂದೆ ಕೂರಿಸಿಕೊಂಡು ಈ ಚುಕ್ಕಿಗಳಿಂದ ಏನು ಮಾಡುತ್ತಾರೆಂದು ಹೇಳಿದರು. ಮರೆಯುವ ಮೊದಲು ಬರೆದುಕೊಳ್ಳುತ್ತೇನೆ.

ಒಂದು ಚುಕ್ಕಿ ಹಿಡಿಯಬೇಕು. ಅದರ ಸುತ್ತ ಬಳೆ ಇಟ್ಟಂತೆ ಗೆರೆ ಎಳೆಯಬೇಕು. ಬಳೆಯ ನಡುವಿನಿಂದ ಅಂಚಿಗೆ ಹನ್ನೆರಡು ಮೀಟರ್. ಆ ಚುಕ್ಕಿಯೂ ಸೇರಿ ಒಳಗೆ ಆರು ಮನೆ ಬಿದ್ದರೆ ಅದು ಗುಂಪು. ಆಮೇಲೆ ಪಕ್ಕದ ಚುಕ್ಕಿಗೂ ಬಳೆ ಇಡಬೇಕು. ಅದರಲ್ಲೂ ಆರು ಬಿದ್ದರೆ ಗುಂಪು ಬೆಳೆಯುತ್ತದೆ. ಹೀಗೆ ಬೆಳೆಯುತ್ತಾ ಹೋಗಿ, ಎಲ್ಲಿ ಆರು ಸಿಗುವುದಿಲ್ಲವೋ ಅಲ್ಲಿ ನಿಲ್ಲುತ್ತದೆ. ಒಂದೊಂದು ಗುಂಪಿಗೆ ಒಂದೊಂದು ಬಣ್ಣ. ಯಾವ ಗುಂಪಿಗೂ ಸೇರದ ಚುಕ್ಕಿಗೆ ಬೂದಿ ಬಣ್ಣ.

"ಹನ್ನೆರಡೇ ಯಾಕ್ರಿ?" ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮೇಡಂ ತಾವಾಗಿಯೇ, "ಎಂಟು ಹಾಕಿ ನೋಡಿದ್ವಿ, ಹದಿನೈದು ಹಾಕಿ ನೋಡಿದ್ವಿ. ಈ ಊರಿಗೆ ಹನ್ನೆರಡು ಹೊಂದ್ತದ" ಎಂದರು.

ಪವಮಾನ ಸರ್ ನಡುವೆ ಬಾಯಿ ಹಾಕಿದರು. "ಈ ಆಫೀಸಿನ್ಯಾಗ ನಾವು ಮೂರೇ ಮಂದಿ. ನಾವು ಗುಂಪಲ್ಲ ನೋಡು. ಅದಕ್ಕೇ ಇನ್ನಾ ಎಸಿ ಬಂದಿಲ್ಲ."

ಎಲ್ಲಿ ಮನೆಗಳು ಹೆಚ್ಚು ಒತ್ತಾಗಿವೆಯೋ ಅಲ್ಲಿ ಮೊದಲು ಒಳಚರಂಡಿ ಪೈಪು ಹಾಕುತ್ತಾರಂತೆ. ಬಣ್ಣ ಬಂದ ಓಣಿಗಳ ಪಟ್ಟಿ ಇಪ್ಪತ್ನಾಲ್ಕನೇ ತಾರೀಖು ಸಂಜೆ ಐದಕ್ಕೆ ಮೇಲಿನವರಿಗೆ ಹೋಗಬೇಕು. ಬೂದಿ ಬಂದವರಿಗೆ ಎರಡನೇ ಹಂತ. ಅದು ಯಾವಾಗ ಎಂದು ಮೇಡಂಗೂ ಗೊತ್ತಿಲ್ಲ.

ಜೂನ್ 13, ಗುರುವಾರ

ಜೋರು ಮಳೆ. ಶಹಾಬಜಾರದಲ್ಲಿ ಚರಂಡಿ ನೀರು ಓಣಿಯ ಮೇಲೇ ಹರಿಯಿತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಮನೆಗೆ ಬಂದು ಎರಡು ಸಲ ಕಾಲು ತೊಳೆದರೂ ವಾಸನೆ ಹೋಗಿಲ್ಲ.

ಜೂನ್ 14, ಶುಕ್ರವಾರ

ನಕ್ಷೆಗೆ ಬಣ್ಣ ಬಂತು. ಹಸಿರು, ಹಳದಿ, ನೀಲಿ. ಪವಮಾನ ಸರ್ ಒಂದೊಂದೇ ಓಣಿ ದೊಡ್ಡದು ಮಾಡಿ ತೋರಿಸುತ್ತಿದ್ದರು. ಗೋಡೆ ಬಂದು ನಿಲ್ಲುವ ಆ ಓಣಿ ಪೂರ್ತಿ ಬೂದಿಯಾಗಿತ್ತು. ಹನ್ನೊಂದು ಚುಕ್ಕಿ, ಒಂದಕ್ಕೊಂದು ದೂರ ದೂರ.

"ಇಲ್ಲಿ ಮನಿನೇ ಕಮ್ಮಿ ಅದಾವ ಬಿಡ್ರಿ" ಎಂದರು ಸರ್. "ಸೆಕೆಂಡ್ ಸ್ಟೇಜ್."

ಮೇಡಂ ಸ್ವಲ್ಪ ಹೊತ್ತು ನೋಡಿದರು. "ಹಳೇ ಶಹರದಾಗ ಇಷ್ಟು ಖುಲ್ಲಾ ಓಣಿ? ಇರಬಹುದು" ಎಂದು ಮುಂದಿನದಕ್ಕೆ ಹೋದರು.

ಅಲ್ಲಿ ಹನ್ನೊಂದು ಮನೆಗಳಿಲ್ಲ, ಹನ್ನೊಂದು ಗೇಟುಗಳಿವೆ. ಒಳಗೆಷ್ಟು ಮನೆ ಎಂದು ನಾನು ನೋಡಿಲ್ಲ. ನೋಡಬಹುದಿತ್ತು. ಬಂಡೆಮ್ಮ ಕರೆದಿದ್ದಳು. ನಾಳೆ ಮೇಡಂಗೆ ಹೇಳಬೇಕು.

ರೊಟ್ಟಿ ಬಿಚ್ಚಲೇ ಇಲ್ಲ, ಹಾಗೇ ವಾಪಸು ತಂದೆ. ಅವ್ವ ಕೇಳಿದಳು. ಹಸಿವಿರಲಿಲ್ಲ ಎಂದೆ.

ಜೂನ್ 15, ಶನಿವಾರ

ಹೇಳಲಿಲ್ಲ.

ಜೂನ್ 17, ಸೋಮವಾರ

ಬಕ್ರೀದ್ ರಜೆ. ಅಪ್ಪನ ಜೊತೆ ಬಾಳೆ ತೋಟಕ್ಕೆ ಹೋದೆ. ನಮ್ಮದು ಅರ್ಧ ಎಕರೆ ಕೆಂಪು ಬಾಳೆ. ಕೊಳ್ಳುವವನು ಬದುವಿನ ಮೇಲೆ ನಿಂತೇ, "ಎಷ್ಟು ಗೊನಿ ಅದಾವ ಮಲ್ಲಣ್ಣಾ?" ಎಂದು ಕೇಳಿದ. ಅಪ್ಪ, "ಬದುವಿನ ಮ್ಯಾಲ ನಿಂತು ಕೇಳಿದ್ರ ನಾ ಎಷ್ಟರೆ ಹೇಳಬಹುದು. ಒಳಗ ಬಂದು ನೋಡಪಾ" ಎಂದ. ಅವನು ಪ್ಯಾಂಟು ಮಡಚಿ ಕೆಸರಿಗಿಳಿದ. ನಾನು ಬದುವಿನ ಮೇಲೆಯೇ ಇದ್ದೆ.

ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಕೇಳಿದ್ರ ಹೇಳು. ಯಾರರೆ ಕೇಳ್ಯಾರೇನು?" ಎಂದಳು.

ಯಾರೂ ಕೇಳಿಲ್ಲ.

ಜೂನ್ 18, ಮಂಗಳವಾರ

ಆಫೀಸಿಗೆ ಹೋಗುವ ಮೊದಲು ಆ ಗೇಟಿಗೆ ಹೋದೆ. ಬಂಡೆಮ್ಮ ಕಟ್ಟೆಯ ಮೇಲಿದ್ದಳು.

"ಆಯೀ, ಒಳಗ ಬರ್ಲೇನ್ರಿ?"

"ಅಂದೇ ಕರದಿದ್ದೆ. ಒಳಗ ಹುಲಿ ಕಟ್ಟೀನಿ ಅಂತ ತಿಳಕೊಂಡಿದ್ದೇನು?"

ಒಳಗೆ ನಾಲ್ಕು ಮನೆ. ಮುಂದಿನದು ಬಂಡೆಮ್ಮನದು. ಬಲಕ್ಕೆ ಬಿಸಿಯೂಟದ ಅಡುಗೆಯವಳದು, ಎಡಕ್ಕೆ ಪೀರಪ್ಪ ಎಂಬ ಟಂಟಂ ಆಟೊ ಡ್ರೈವರನದು. ಹಿಂದಿನ ಗೋಡೆಗೆ ಹತ್ತಿಕೊಂಡಿರುವುದು ನೂರಜಹಾನ್ ಖಾಲಾ ಅವರದು. ಅವರು ಬಟ್ಟೆ ಹೊಲಿಯುತ್ತಾರೆ. ಯಂತ್ರದ ನಾಲ್ಕೂ ಕಾಲಿನ ಕೆಳಗೆ ಫರಸಿ ಕಲ್ಲಿನ ತುಂಡುಗಳು, ಮೂರು ಮೂರು. ಗಿರಾಕಿಗಳ ಬಟ್ಟೆಯ ಗಂಟುಗಳೆಲ್ಲ ತೊಲೆಗೆ ನೇತಾಡುತ್ತಿದ್ದವು. ಗೋಡೆಯ ಮೇಲೆ ಮೊಣಕಾಲಿನಷ್ಟು ಎತ್ತರಕ್ಕೆ ಒದ್ದೆಯ ಗೆರೆ.

"ಬೈಠ್ ಬೇಟಾ" ಎಂದು ಸ್ಟೂಲು ಎಳೆದರು. "ಮಳಿ ಬಂತಂದ್ರ ಸಂಡಾಸದ ನೀರು ಉಲ್ಟಾ ಮನ್ಯಾಗ ಬರ್ತದ. ಬಟ್ಟಿಗೆ ವಾಸ್ನಿ ಹಿಡೀತದ. ಗುರುವಾರ ಆದಮ್ಯಾಲ ಮೂರು ಗಿರಾಕಿ ಕಪಡಾ ವಾಪಸ್ ಒಯ್ದಾರ. ಇನ್ನೊಂದು ಮಳಿಗಾಲ ಹಿಂಗಾದ್ರ ಈ ಮಷೀನ್ ಮಾರೋದೇ." ಚಾ ಕೊಟ್ಟರು. "ಪೈಪು ಬರ್ತದಂತಲ್ಲ, ನಮ್ಮ ಓಣಿಗಿ ಬರ್ತದಲ್ಲ?"

ಚಾ ಬಿಸಿಯಿತ್ತು. ಕುಡಿಯುತ್ತಿದ್ದೇನೆ ಎಂಬಂತೆ ಬಟ್ಟಲು ಬಾಯಿಗೇ ಹಿಡಿದುಕೊಂಡಿದ್ದೆ.

ಅಲ್ಲೇ ಮೂರು ಹೊಸ ಚುಕ್ಕಿ ಒತ್ತಲು ನೋಡಿದೆ. ದಪ್ಪ ಕಲ್ಲಿನ ಗೋಡೆಗಳ ನಡುವೆ ಫೋನಿಗೆ ತಾನೆಲ್ಲಿದ್ದೇನೆಂದು ತಿಳಿಯುವುದಿಲ್ಲ, ಚುಕ್ಕಿ ಆಚೆ ಓಣಿಗೆ ಹಾರಿ ಬಿತ್ತು. ಅಳಿಸಿದೆ. ಗೇಟಿನಿಂದ ಒಂದೊಂದು ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ ಚೀಟಿಯಲ್ಲಿ ಬರೆದುಕೊಂಡೆ. ಆಮೇಲೆ ಇಂಥ ಗೇಟುಗಳನ್ನೆಲ್ಲ ನೆನಪಿಸಿಕೊಂಡು ಪಟ್ಟಿ ಮಾಡಿದೆ. ಮೂವತ್ತೊಂದು.

ಆಫೀಸಿಗೆ ಒಂದು ಗಂಟೆ ತಡವಾಗಿ ಹೋದೆ. ಮೇಡಂ ಯಾಕೆಂದು ಕೇಳಿದರು. ಬಸ್ಸು ಎಂದೆ.

ಜೂನ್ 19, ಬುಧವಾರ

ಮಧ್ಯಾಹ್ನ ಮೇಡಂ ಡಬ್ಬಿ ಬಿಚ್ಚಿದ್ದರು. ಉಂಡಾಗಲಿ ಎಂದುಕೊಂಡೆ. ಅಷ್ಟರಲ್ಲಿ ನನ್ನ ಬಾಯಿ ತೆರೆದಾಗಿತ್ತು.

"ಮೇಡಂ, ಆ ಓಣಿಯಾಗ ಮನಿ ಕಮ್ಮಿ ಇಲ್ರಿ."

"ಯಾವ ಓಣಿ?"

ಪರದೆಯ ಮೇಲೆ ತೋರಿಸಿದೆ.

"ನೀನೇ ಎಣಿಸಿದ್ದಲ್ಲ?"

"ಗೇಟು ಎಣಿಸಿದ್ದೆ ರೀ. ಒಳಗ ಹೋಗಿದ್ದಿಲ್ಲ."

"ಯಾಕ?"

"ನಾಚಿಕಿ ಬಂತ್ರಿ."

ಪವಮಾನ ಸರ್ ನಕ್ಕರು. ಮೇಡಂ ನಗಲಿಲ್ಲ, ಸರ್ ನಿಲ್ಲಿಸಿದರು.

"ಇಂಥಾವು ಎಷ್ಟು ಗೇಟು?"

"ಮೂವತ್ತೊಂದು ರೀ."

ಮೇಡಂ ಡಬ್ಬಿ ಮುಚ್ಚಿದರು. "ಐದು ದಿನ ಉಳದಾವ ಅಂಬಿಕಾ. ಐದೇ ದಿನ."

ಸರ್ ಒಂದು ಉಪಾಯ ಹೇಳಿದರು. "ಹನ್ನೆರಡರ ಬದ್ಲಿ ಇಪ್ಪತ್ತು ಮೀಟರ್ ಹಾಕ್ತೀನಿ ಮೇಡಂ. ಓಣಿ ತಾನೇ ಒಳಗ ಬರ್ತದ. ಯಾರೂ ತಿರುಗಾಡೋದು ಬ್ಯಾಡ." ಹೇಳುತ್ತಲೇ ಅಂಕಿ ಬದಲಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸಿದರು. ಆ ಓಣಿ ಒಳಗೆ ಬಂತು. ಅದರ ಜೊತೆಗೆ ಎಲ್ಲವೂ ಬಂದವು. ಕೋಟೆಯ ಕಡೆಯಿಂದ ಬಜಾರದವರೆಗೆ ಒಂದೇ ಹಸಿರು. ದೂರ ದೂರ ಇರುವ ಹೊಸ ಬಂಗಲೆಗಳೂ ಹಸಿರು.

ಮೇಡಂ ಪರದೆ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು. ಹೂಂ ಎಂದುಬಿಡುತ್ತಾರೆ ಎನಿಸಿತು.

"ಬಳಿ ದೊಡ್ಡದು ಮಾಡಿದ್ರ ಎಲ್ಲಾರೂ ಮೊದ್ಲಿನವರೇ ಆಗ್ತಾರ್ರಿ" ಎಂದೆ. "ಅವರೊಳಗ ಯಾರಿಗಿ ಮೊದ್ಲು ಅಂತ ಮತ್ತ ಯಾರು ಹೇಳೋರು? ಮನ್ಯಾಗ ನೀರು ಬರೋ ಆ ಹೊಲಿಗಿ ಖಾಲಾ ಮನಿಯಂತೂ ಹಿಂದೇ ಉಳೀತದ."

"ಐದನೇತ್ತಾ ಅಂತಿ, ಮಾತು ನೋಡಿದ್ರ ಪ್ರೊಫೆಸರಂದು" ಎಂದರು ಸರ್.

ಮೇಡಂ ಅವರ ಕಡೆ ತಿರುಗಿ, "ಹನ್ನೆರಡಕ್ಕ ತಿರುಗಿ ಹಾಕು" ಎಂದರು. ಆಮೇಲೆ ನನಗೆ: "ಮೂವತ್ತೊಂದು ಗೇಟಿಗೂ ಒಳಗ ಹೋಗಿ ಬಾ. ಟೇಪು ತಗೊಂಡು ಹೋಗು, ಗೇಟಿನಿಂದ ಅಳದು ಬರಕೊಂಡು ಬಾ. ಬಾಗಿಲಿಗೊಂದು ಅಂತ ಹೇಳಿದ್ದು ನನ್ನ ತಪ್ಪು. ಒಲಿಗೊಂದು ಅನ್ನಬೇಕಿತ್ತು. ಎಲ್ಲಿ ಒಲಿ ಬ್ಯಾರೆ, ಅದು ಬ್ಯಾರೆ ಮನಿ."

ಕೆಲಸ ಉಳಿಯಿತೋ ಇಲ್ಲವೋ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜೂನ್ 21, ಶುಕ್ರವಾರ

ನಿನ್ನೆ ಒಂಬತ್ತು ಗೇಟು, ಇವತ್ತು ಹನ್ನೊಂದು. ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಬೇಕಲ್ಲ, ಆಯಾ ಮನೆಯ ಹೆಂಗಸರಿಗೇ ಕೊಡುತ್ತೇನೆ. ಒಬ್ಬರು ಸೊಸೆಯ ಒಲೆಯವರೆಗೆ ಅಳೆಯಲು ಹೋಗಿ ದಾರಿಯಲ್ಲೇ ಸೊಸೆಯ ಮೇಲಿನ ದೂರೆಲ್ಲ ಹೇಳಿ ಮುಗಿಸಿದರು. ಎಂಟೂವರೆ ಮೀಟರಿಗೆ ಅಷ್ಟು ದೂರು. ಇನ್ನೊಂದು ಗೇಟಿನಲ್ಲಿ ಮೂರು ಒಲೆ ಎಂದು ಹೇಳಿ ಕಳಿಸಿದ್ದರು, ಅಟ್ಟದ ಮೇಲೆ ಬಾಡಿಗೆಗಿರುವ ನರ್ಸ್ ಹುಡುಗಿ ಇಣುಕಿ, "ನಂದು ಸ್ಟೋವ್ ಅದ ರೀ, ಅದು ಲೆಕ್ಕಕ್ಕಿಲ್ಲೇನು?" ಎಂದಳು. ಲೆಕ್ಕಕ್ಕಿದೆ ಎಂದೆ. ಒಬ್ಬ ಗಂಡಸು ಗೇಟು ಹಾಕಿಕೊಂಡ. ಮತ್ತೆ ಬಡಿದೆ, ಮತ್ತೆ ಹಾಕಿಕೊಂಡ. ಮೂರನೇ ಸಲ ಅವನ ಹೆಂಡತಿ ತೆಗೆದಳು.

ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ. ಇವತ್ತು ಕಾರಹುಣ್ಣಿಮೆ. ಅವ್ವ ಹೋಳಿಗೆ ಮಾಡಿದ್ದಳು. ಎರಡು ತಿಂದು ಮೂರನೆಯದು ಬರೆಯುತ್ತಾ ತಿನ್ನುತ್ತಿದ್ದೇನೆ.

ಜೂನ್ 22, ಶನಿವಾರ

ಮಧ್ಯಾಹ್ನದ ಹೊತ್ತಿಗೆ ಮೂವತ್ತು ಗೇಟು ಮುಗಿದವು. ಪವಮಾನ ಸರ್ ಅಷ್ಟನ್ನೇ ಹಾಕಿ ಓಡಿಸಿ ನೋಡಿದರು. ಆ ಓಣಿಗೆ ಕೇಸರಿ ಬಣ್ಣ ಬಂತು. ಕೊನೆಯ ಮೂಲೆಗೆ ಬರಲಿಲ್ಲ. ಬಂಡೆಮ್ಮನ ಗೇಟಿನ ನಾಲ್ಕೂ ಮನೆ ಬೂದಿ.

ಖಾಲಾ ಮನೆಯ ಸುತ್ತ ಬಳೆ ಇಟ್ಟರೆ ಒಳಗೆ ಐದು ಬೀಳುತ್ತವೆ. ಆ ಗೇಟಿನ ನಾಲ್ಕು, ಹಿಂದಿನ ಗೋಡೆಯಾಚೆಯ ವಾಡೆ, ಅಂದರೆ ಹಳೆಯ ದೊಡ್ಡ ಮನೆಯದು ಒಂದು. ಆರು ಬೇಕು. ಗುಂಪು ಮುಗಿದಲ್ಲಿ ಪೈಪೂ ಮುಗಿಯುತ್ತದೆ.

"ಒಂದೇ ಚುಕ್ಕಿ ಕಮ್ಮಿ" ಎಂದರು ಸರ್. ಫೋನು ನನ್ನ ಕೈಯಲ್ಲೇ ಇತ್ತು. ಇಲ್ಲದ ಮನೆಗೆ ನಾನೇ ಒಂದು ಒತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಫೋನನ್ನು ಚೀಲಕ್ಕೆ ಹಾಕಿ ಉಳಿದ ಒಂದು ಗೇಟಿಗೆ ಹೊರಟೆ. ಉಳಿದದ್ದು ಆ ವಾಡೆಯೇ. ನರಸಿಂಹ ಮಾಸ್ತರರದು.

ಮಾಸ್ತರರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಕನ್ನಡಕದ ಮೇಲಿಂದ ನೋಡಿದರು. ಶಾಲೆಯಲ್ಲಿ ಹಾಗೇ ನೋಡುತ್ತಿದ್ದರು ಎಲ್ಲ ಮಾಸ್ತರರೂ.

"ಒಂದೇ ಮನಿ ಇದು" ಎಂದರು. "ನಾನು, ನನ್ನ ತಮ್ಮ ಸುಮಧ್ವ. ನಮ್ಮಪ್ಪ ಕಟ್ಟಿಸಿದ್ದು. ಒಂದು ಅಂತ ಬರಕೊಂಡು ಹೋಗು."

"ಒಲಿ ಎಷ್ಟು ರೀ?"

"ಎಷ್ಟನೇತ್ತಾ ಕಲತೀ ನೀನು?"

"ಐದನೇತ್ತಾ ರೀ."

"ಐದನೇತ್ತಾ ಕಲತಾಕಿ ನನ್ನ ಮನಿ ಎಷ್ಟು ಅಂತ ನನಗ ಹೇಳಾಕ ಬಂದೀ?"

"ಹೇಳಾಕಲ್ರಿ, ಕೇಳಾಕ ಬಂದೀನಿ. ಅಡಗಿ ಮನಿ ಒಮ್ಮೆ ನೋಡ್ಲೇನ್ರಿ?"

"ಮಡಿ ಅದ. ಹೊರಗಿನವರು ಹೋಗಂಗಿಲ್ಲ."

ಆದರೂ ನಾನು ಹೊರಡಲಿಲ್ಲ. ಅವರು ಪೇಪರು ಎತ್ತಿಕೊಂಡರು. ಎಡಗಡೆಯಿಂದ ಕುಕ್ಕರಿನ ಸೀಟಿ ಬಂತು. ಅವರು ಪುಟ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಬಲಗಡೆ, ಹಲಗೆಯ ಅಡ್ಡಗೋಡೆಯ ಹಿಂದಿನಿಂದ ಇನ್ನೊಂದು ಸೀಟಿ ಬಂತು. ಅಲ್ಲಿಂದ ಒಬ್ಬರು ಹೊರಗೆ ಬಂದರು, ಸುಮಧ್ವ ಅವರ ಹೆಂಡತಿ ಇರಬೇಕು. ನನ್ನನ್ನು ನೋಡಿ ಅಲ್ಲಿಂದಲೇ ಒಳಗೆ ಹೋದರು.

"ಎರಡು ಕಡಿ ಸೀಟಿ ಬಂತಲ್ರಿ, ಮಾಸ್ತರ್ರೀ" ಎಂದೆ.

ಪೇಪರು ಮಡಚಿದರು. ಮಡಚಿದ್ದನ್ನು ಮತ್ತೆ ಮಡಚಿದರು. "ಮೂರು ವರ್ಷ ಆತು" ಎಂದರು, ಮೆಲ್ಲಗೆ. "ಹಬ್ಬಕ್ಕ, ಶ್ರಾದ್ಧಕ್ಕ ಕೂಡೇ ಉಣ್ತೀವಿ. ಓಣಿ ಮಂದಿಗೆ ನಾವು ಒಂದೇ ಅದೀವಿ."

"ಚುಕ್ಕಿಗೆ ಹೆಸರು ಇರಂಗಿಲ್ರಿ."

"ಹೆಸರಿಲ್ಲಾಂದ್ರ ಬರಕೊ."

ಗೇಟಿನಿಂದ ಎರಡೂ ಅಡುಗೆ ಮನೆಗೆ, ಹಿತ್ತಲಿನವರೆಗೆ ಅಳೆದೆ. ಟೇಪಿನ ಇನ್ನೊಂದು ತುದಿಯನ್ನು ಮಾಸ್ತರರೇ ಹಿಡಿದರು. ಅಲ್ಲಿಂದ ನೆಟ್ಟಗೆ ಖಾಲಾ ಮನೆಗೆ ಓಡಿದೆ. ಆರಾಯಿತು, ಮಾಸ್ತರರ ಮನೆಯಲ್ಲಿ ಒಲೆ ಎರಡಿವೆ, ನಿಮ್ಮ ಮೂಲೆ ಒಳಗೆ ಬಂತು ಎಂದು ಹೇಳಿದೆ. ಖಾಲಾ ನನ್ನ ಗದ್ದ ಹಿಡಿದು ಅಲ್ಲಾಡಿಸಿದರು. ಬಂಡೆಮ್ಮ ಪೀರಪ್ಪನನ್ನು ಕೂಗಿ ಕರೆದಳು. ಬಸ್ಸು ತಪ್ಪಿತು, ಮುಂದಿನದಕ್ಕೆ ಬಂದೆ.

ಜೂನ್ 24, ಸೋಮವಾರ

ಮೂರು ಗಂಟೆಗೆ ಎಲ್ಲ ಸಿದ್ಧವಿತ್ತು. ಮೇಡಂ ಕೊನೆಯ ಸಲ ಓಣಿಯ ಹೆಸರುಗಳನ್ನು ತಾಳೆ ನೋಡುತ್ತಿದ್ದರು. ಮೆಟ್ಟಿಲ ಮೇಲೆ ಯಾರೋ ನಿಂತು ನಿಂತು ಹತ್ತುವ ಸದ್ದು. ನರಸಿಂಹ ಮಾಸ್ತರರು.

ಕುರ್ಚಿ ಹಾಕಿದರೂ ಕೂರಲಿಲ್ಲ. "ನನ್ನ ಎರಡನೇ ಚುಕ್ಕಿ ತಗೀರಿ" ಎಂದರು. ಆಮೇಲೆ ನನ್ನ ಕಡೆ ನೋಡಿದರು. "ಹೆಸರು ಇರಂಗಿಲ್ಲ ಅಂದಿದ್ದಿ. ದೀಪ ಹಚ್ಚೋ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿತ್ತು. ಕಿರಾಣಿ ಅಂಗಡಿಯಾಗ ನನ್ನ ತಮ್ಮನ್ನ ಕೇಳ್ಯಾರ, ಯಾವಾಗ ಬ್ಯಾರೆ ಆದ್ರಿ ಅಂತ. ಅವ ಎರಡು ದಿನದಿಂದ ನನ್ನ ಕೂಡ ಮಾತಾಡವಲ್ಲ. ಯಾರು ಹೇಳಿದವರು?"

ಪವಮಾನ ಸರ್, ಮೇಡಂ ಇಬ್ಬರೂ ನನ್ನ ಕಡೆ ನೋಡಲಿಲ್ಲ. ಸುಮ್ಮನಿದ್ದಿದ್ದರೆ ಆಗುತ್ತಿತ್ತೇನೋ.

"ನಾನೇ ರೀ" ಎಂದೆ.

ಮೇಡಂ ನಿಧಾನಕ್ಕೆ ಹೇಳಿದರು: "ಮನಿಯವರು ಬ್ಯಾಡ ಅಂದ್ರ ತಗೀಬೇಕು ಅಂಬಿಕಾ. ಅದು ಅವರ ಹಕ್ಕು."

ಸರ್ ತೆಗೆದರು, ಓಡಿಸಿದರು. ಪರದೆ ಒಂದು ಗಳಿಗೆ ಬಿಳಿಯಾಗಿ ಮತ್ತೆ ಬಣ್ಣ ಬಂತು. ಓಣಿ ಕೇಸರಿಯೇ ಇತ್ತು. ಮೂಲೆ ಬೂದಿಯಾಯಿತು.

ಮಾಸ್ತರರು ಹೊರಡಬಹುದಿತ್ತು. ಹೊರಡಲಿಲ್ಲ. ಪರದೆಯ ಹತ್ತಿರ ಬಗ್ಗಿದರು.

"ಇದೇನು ಆತು?"

ಬಳೆಯ ಲೆಕ್ಕ ಹೇಳಿದೆ. ಬೆರಳಿಟ್ಟು ಒಂದೊಂದೇ ತೋರಿಸಿದೆ. ಐದು, ಆರಲ್ಲ.

"ನಂದು?"

"ನಿಮ್ಮದು ಬಣ್ಣದಾಗೇ ಅದ ರೀ. ನಿಮ್ಮ ಓಣಿ ಕಡಿಯ ಬಳಿಯೊಳಗ ಬರ್ತದ. ನಿಮಗ ಪೈಪು ಬಂದೇ ಬರ್ತದ."

"ಮತ್ತ ಇವು ನಾಲ್ಕು?"

"ಬಂಡೆಮ್ಮಾಯಿ. ಬಿಸಿಯೂಟದಕ್ಕ. ಪೀರಪ್ಪ. ಹಿಂದಿಂದು ನೂರಜಹಾನ್ ಖಾಲಾಂದು."

"ಮಷೀನ್ ಸದ್ದು ಕೇಳ್ತದ ದಿನಾ. ನಮ್ಮ ಗ್ವಾಡಿಗೇ ಅದ ಅಕಿ ಮನಿ." ಬೆರಳು ಆ ಚುಕ್ಕಿಯ ಮೇಲಿಟ್ಟು ಕೇಳಿದರು. "ಮನ್ಯಾಗ ನೀರು ಬರ್ತದೇನು?"

"ಇಷ್ಟು ಎತ್ತರಕ್ಕ ರೀ" ಎಂದು ಮೊಣಕಾಲು ಮುಟ್ಟಿ ತೋರಿಸಿದೆ. "ಹಿಂಗೇ ಆದ್ರ ಮಷೀನ್ ಮಾರ್ತಾರಂತ."

ಈಗ ಕುರ್ಚಿಯ ಮೇಲೆ ಕುಳಿತರು. ಗಡಿಯಾರ ನಾಲ್ಕು ಹೊಡೆಯಿತು, ಕಾಲು ಗಂಟೆ ಮೇಲೂ ಆಯಿತು. ಮೇಡಂ ಪಟ್ಟಿಯ ಮೇಲೆ ಕೈಯಿಟ್ಟು ಕಾದರು. ನನ್ನ ಬಾಯಿಗೆ ಹತ್ತು ಮಾತು ಬಂದವು. ಆಡಲಿಲ್ಲ. ಎರಡು ದಿನದ ಹಿಂದೆ ಆಡಿದ್ದೇ ಹೆಚ್ಚಾಗಿತ್ತು.

ಮಾಸ್ತರರು ಕಿಸೆಯಿಂದ ಫೋನು ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಹೆಸರು ಹುಡುಕಿದರು.

"ಸುಮಧ್ವಾ, ನಾನು. ಇಡಬ್ಯಾಡ, ಕೇಳು. ನಾ ಸರ್ವೆ ಆಫೀಸಿನ್ಯಾಗ ಅದೀನಿ. ನಮ್ಮ ಮನಿ ಎರಡು ಅಂತ ಬರಸಾಕತ್ತೀನಿ. ಹೌದು, ಎರಡು. ಮೂರು ವರ್ಷದಿಂದ ಎರಡೇ ಅಲ್ಲೇನಪಾ?" ಆ ಕಡೆಯಿಂದ ಏನು ಬಂತೋ ನಮಗೆ ಕೇಳಲಿಲ್ಲ. ಬಹಳ ಹೊತ್ತು ಕೇಳಿಸಿಕೊಂಡರು. "ಮಂದಿ ಕೇಳಿದ್ರ ಹೌದು ಅನ್ನು. ನಾನೂ ಅಂತೀನಿ" ಎಂದು ಇಟ್ಟರು.

"ಹಾಕ್ರಿ" ಎಂದರು ಪವಮಾನ ಸರ್‌ಗೆ.

ಮೂಲೆಗೆ ಬಣ್ಣ ಬಂತು. ಪಟ್ಟಿ ಐದಕ್ಕೆ ಎಂಟು ನಿಮಿಷ ಇರುವಾಗ ಹೋಯಿತು. ಅದು ಹೋಗುವವರೆಗೂ ಮಾಸ್ತರರು ಅಲ್ಲೇ ಕುಳಿತಿದ್ದರು. ನಾಳೆ ಕೋಟೆಯ ಕಡೆ ಶುರು ಮಾಡಬೇಕೆಂದು ಮೇಡಂ ಹೇಳಿದರು. ಐವತ್ತು ಮೀಟರಿನ ಟೇಪು ಬೇಕು, ಮೂವತ್ತರದು ಸಾಲುವುದಿಲ್ಲ ಎಂದು ಹೇಳಿ ಮೆಟ್ಟಿಲ ಕಡೆ ಓಡಿದೆ.

ಮಾಸ್ತರರು ಮೆಟ್ಟಿಲ ಕಂಬಿ ಹಿಡಿದು ಇಳಿಯುತ್ತಿದ್ದರು. "ತಪ್ಪಾತ್ರಿ" ಎಂದೆ.

ನಿಂತರು, ತಿರುಗಲಿಲ್ಲ.

"ಎಣಿಸಿದ್ದು ತಪ್ಪಲ್ಲ" ಎಂದರು. "ಹೇಳಿದ್ದು ತಪ್ಪು."

ಇನ್ನೂ ಒಂಬತ್ತು ಮೆಟ್ಟಿಲಿದ್ದವು. ಕೆಳಗಿನವರೆಗೂ ಅವರ ಜೊತೆಗೇ ಇಳಿದೆ.